ಒಂದೇ ಫರ್ನೇಸ್ ಇರೋ ಲ್ಯಾಬಿಗೆ ಡೇಟಾ ಸಾಫ್ಟ್‌ವೇರಿಂದ ಏನಾದ್ರೂ ಲಾಭ ಇದ್ಯಾ?

ನೀವು ಅಡಿಕೆ ಸಿಪ್ಪೆಯಿಂದ ಆಕ್ಟಿವೇಟೆಡ್ ಕಾರ್ಬನ್ (ಸಣ್ಣ ಸಣ್ಣ ರಂಧ್ರಗಳಿರೋ, ಕೊಳೆ ಹೀರ್ಕೊಳ್ಳೋ ಇದ್ದಿಲು) ಮಾಡ್ತಿದೀರಿ, ಶಿವಮೊಗ್ಗದ ನಿಮ್ ಲ್ಯಾಬಲ್ಲಿ ಇರೋದು ಒಂದೇ ಫರ್ನೇಸ್ ಅಂತ ಕೇಳಿದ್ರಲ್ಲ, ಹಾಗಿದ್ರೆ ನಿಮಗೇ ಇದು ಜಾಸ್ತಿ ಬೇಕಾಗಿರೋದು.

ಲೆಕ್ಕ ಹಾಕಿ ನೋಡಿ, 5 ಟೆಂಪರೇಚರ್, 4 ಟೈಮಿಂಗ್, 3 ಕೆಮಿಕಲ್ ಪ್ರಮಾಣ ಅಂದ್ರೆ 60 ಸಲ ಸುಡಬೇಕು, ದಿನಕ್ಕೊಂದು ಅಂದ್ರೂ ಎರಡು ತಿಂಗಳು ಹೋಯ್ತು. ಬೇಯೇಶಿಯನ್ ಆಪ್ಟಿಮೈಸೇಶನ್ ಅಂತ ಒಂದು ವಿಧಾನ ಇದೆ, ಮೊದಲು ಏಳೆಂಟು ಸ್ಯಾಂಪಲ್ ರಿಸಲ್ಟ್ ಕೊಟ್ರೆ ಮುಂದೆ ಯಾವುದನ್ನ ಸುಟ್ಟು ನೋಡೋದು ಒಳ್ಳೇದು ಅಂತ ಅದೇ ಹೇಳುತ್ತೆ, ಎಷ್ಟೋ ಸಲ 60ರಲ್ಲಿ ಅರ್ಧನೂ ಮಾಡೋದು ಬೇಕಾಗಲ್ಲ. ಪೈಥಾನ್‌ನಲ್ಲಿ ಇದಕ್ಕೆ ಫ್ರೀ ಲೈಬ್ರರಿ ಸಿಗ್ತವೆ.

ದೊಡ್ಡ ಮಟ್ಟದಲ್ಲೂ ಕಂಪ್ಯೂಟರ್ ಹೀಗೇ ಲ್ಯಾಬ್ ಕೆಲಸ ಕಮ್ಮಿ ಮಾಡುತ್ತೆ, ವಿಧಾನ ಬೇರೆ ಅಷ್ಟೇ. 2024ರಲ್ಲಿ ಮೈಕ್ರೋಸಾಫ್ಟ್ ಮತ್ತೆ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬ್‌ನೋರು ಬ್ಯಾಟರಿ ಎಲೆಕ್ಟ್ರೋಲೈಟ್‌ಗೆ (ಬ್ಯಾಟರಿ ಒಳಗೆ ಅಯಾನುಗಳನ್ನ ಆಚೀಚೆ ಸಾಗಿಸೋ ವಸ್ತು) 3.2 ಕೋಟಿ ಮೆಟೀರಿಯಲ್‌ಗಳನ್ನ ಕಂಪ್ಯೂಟರಲ್ಲೇ ಸೋಸಿ 18ಕ್ಕೆ ಇಳಿಸಿದ್ರು, ಆಮೇಲೆ ಒಂದನ್ನ ಲ್ಯಾಬಲ್ಲಿ ಮಾಡಿ ಟೆಸ್ಟ್ ಮಾಡಿದ್ರು.

ರೆಡಿ ಡೇಟಾ ಬೇಕು ಅಂದ್ರೆ 2011ರಲ್ಲಿ ಶುರುವಾದ ಮೆಟೀರಿಯಲ್ಸ್ ಪ್ರಾಜೆಕ್ಟ್ ಅನ್ನೋ ಫ್ರೀ ಡೇಟಾಬೇಸ್ ಇದೆ, ಚೆನ್ನಾಗಿದೆ, ಆದ್ರೆ ಅದರಲ್ಲಿ ಹೆಚ್ಚಾಗಿ ಇರೋದು ಕಂಪ್ಯೂಟರಲ್ಲಿ ಲೆಕ್ಕ ಹಾಕಿದ ಕ್ರಿಸ್ಟಲ್‌ಗಳ ಗುಣಗಳು, ಸಿಪ್ಪೆ ಇದ್ದಿಲಿಗೆ ಅಂಥ ಕ್ರಮಬದ್ಧ ರಚನೆ ಇರಲ್ಲ, ಹಾಗಾಗಿ ನಿಮ್ಮ ಡೇಟಾ ನೀವೇ ಕಟ್ಟಬೇಕು.

ಇಲ್ಲೇ ತುಂಬಾ ಜನ ಎಡವೋದು. ಮಳೆಗಾಲದಲ್ಲಿ ನಮ್ ಮಲೆನಾಡಲ್ಲಿ ಸಿಪ್ಪೆ ಒಣಗೋದೇ ಇಲ್ಲ, ಜುಲೈದೂ ಮಾರ್ಚ್‌ದೂ ಒಂದೇ ಅಂತ ಬರೆದ್ರೆ ಯಾವ ಸಾಫ್ಟ್‌ವೇರೂ ಸರಿ ಉತ್ತರ ಕೊಡಲ್ಲ. ಸಿಪ್ಪೆ ಎಲ್ಲಿಂದ ಬಂತು, ತೇವಾಂಶ ಎಷ್ಟು, ಫೇಲ್ ಆಗಿದ್ದು ಯಾವ್ಯಾವುದು, ಎಲ್ಲಾ ಎಕ್ಸೆಲ್‌ಗೆ ಹಾಕಿ, ಫೇಲ್ ಆಗಿದ್ದನ್ನಂತೂ ದಯವಿಟ್ಟು ಬಿಡಬೇಡಿ.