ತಪ್ಪು ಚಿತ್ರದ್ದಲ್ಲ, ಅಡಿಬರಹದ್ದು

ಓದುಗರ ಪತ್ರದ ಸಾರ: ಕಳೆದ ಸಂಚಿಕೆಯ ಪನಾಮಾ ಪ್ರವಾಸ ಲೇಖನದಲ್ಲಿ ಎಂಬೆರಾ ಬುಡಕಟ್ಟಿನವರ ಚಿತ್ರದ ಕೆಳಗೆ ‘ಹೊರಜಗತ್ತಿನ ಸೋಂಕಿಲ್ಲದ ಕಾಡಿನ ಮಕ್ಕಳು’ ಎಂದು ಬರೆದಿದ್ದೀರಿ. ಆದರೆ ಅವರ ದೋಣಿಗೆ ಮೋಟಾರಿದೆ, ದೋಣಿಯವನ ಕೈಯಲ್ಲಿ ಗಡಿಯಾರವಿದೆ. ಪ್ರವಾಸಿಗಳು ಹೊರಟ ಮೇಲೆ ಇವರು ಟೀ ಶರ್ಟ್ ತೊಡುತ್ತಾರಂತೆ. ಇದು ನಾಟಕವಲ್ಲವೇ? ಮನುಷ್ಯರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಿಬರುವುದನ್ನು ಪತ್ರಿಕೆ ಪ್ರೋತ್ಸಾಹಿಸಬೇಕೇ? ಜನವರಿಯಲ್ಲಿ ಮಗಳ ಕುಟುಂಬದೊಂದಿಗೆ ನಾನೂ ಅಲ್ಲಿಗೆ ಹೋಗುವವಳಿದ್ದೇನೆ. ಹೋಗಲೋ, ಬೇಡವೋ? — ಓದುಗರು, ಮೈಸೂರು

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ಆ ಅಡಿಬರಹ ಲೇಖಕರದಲ್ಲ, ನನ್ನದು. ಪುಟ ಮುಗಿಸುವ ಗಡಿಬಿಡಿಯಲ್ಲಿ ನಾನು ಚಿತ್ರವನ್ನು ನೋಡದೆ ಬರೆದೆ, ನೀವು ನೋಡಿಯೇ ಓದಿದಿರಿ.

ಆ ಎಂಬೆರಾ ಹಳ್ಳಿಗಳಿರುವ ಚಾಗ್ರೆಸ್ ನದಿಯ ಮಟ್ಟಿಗಂತೂ ಆ ಮಾತು ನಗೆಪಾಟಲು. 1914ರಲ್ಲಿ ಹಡಗು ಸಂಚಾರ ಶುರುವಾದ ಪನಾಮಾ ಕಾಲುವೆಗೆ ನೀರುಣಿಸುವುದೇ ಆ ನದಿ. ಪ್ರವಾಸಿಗಳು ದೋಣಿ ಹತ್ತುವ ಅಲಾಹುಯೆಲಾ ಸರೋವರ 1935ರಲ್ಲಿ ಮುಗಿದ ಮ್ಯಾಡನ್ ಅಣೆಕಟ್ಟಿನ ಹಿನ್ನೀರು. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳನ್ನು ಪನಾಮಾದ ಕಾಡಿಗೆ ಕರೆತಂದು, ವ್ಯೋಮನೌಕೆ ದಾರಿ ತಪ್ಪಿ ಇಂಥಲ್ಲಿ ಇಳಿದರೆ ಏನು ತಿಂದು ಬದುಕಬೇಕೆಂದು ಕಲಿಸಿದರು. ಕಲಿಸಿದವರಲ್ಲಿ ಎಂಬೆರಾ ಜನರೂ ಇದ್ದರು. ಚಂದ್ರನತ್ತ ಹೊರಟವರಿಗೆ ಪಾಠ ಹೇಳಿದವರನ್ನು ನಾನು ‘ಸೋಂಕಿಲ್ಲದವರು’ ಎಂದುಬಿಟ್ಟೆ.

ಇನ್ನು ನಾಟಕದ ಮಾತು. ಎಂಬೆರಾಗಳ ಮೂಲ ನೆಲೆ ಪನಾಮಾದ ಡೇರಿಯನ್ ಮತ್ತು ಕೊಲಂಬಿಯಾದ ಚೋಕೋ ಕಾಡುಗಳು. ಕಳೆದ ಶತಮಾನದಲ್ಲಿ ಕೆಲವು ಕುಟುಂಬಗಳು ಚಾಗ್ರೆಸ್ ದಂಡೆಗೆ ಬಂದು ಬೇಟೆ, ಮೀನು, ಬಾಳೆ ಬೆಳೆ ನಂಬಿಕೊಂಡು ನೆಲೆಸಿದವು. 1980ರ ದಶಕದಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಕಾಲುವೆಗೆ ನೀರು ಬೇಕು, ನೀರಿಗೆ ಕಾಡು ಬೇಕು, ಆದ್ದರಿಂದ ಬೇಟೆ ನಿಲ್ಲಬೇಕು, ಬೇಸಾಯಕ್ಕೆ ಬೇಲಿ ಬೀಳಬೇಕು. ನಾಗರಹೊಳೆಯ ಜೇನುಕುರುಬರ ಕಥೆ ಕೇಳಿ ಬಲ್ಲ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಗ್ರೆಸ್ ದಂಡೆಯಲ್ಲಿ ಹಳ್ಳಿಗಳು ಉಳಿದವು, ಹೊಟ್ಟೆಪಾಡು ಮಾತ್ರ ಹೋಯಿತು. ಆಗ ಅವರು ಅತಿಥಿಗಳನ್ನು ಕರೆಯತೊಡಗಿದರು. ಪರಾರಾ ಪುರು, ಎಂಬೆರಾ ದ್ರುವಾ ಮುಂತಾದ ಹಳ್ಳಿಗಳಿಗೆ ಇವತ್ತು ಇದೇ ದುಡಿಮೆ.

ಅತಿಥಿ ಬಂದಾಗ ಒಳ್ಳೆಯ ಸೀರೆ ಉಡುವುದನ್ನು ನಮ್ಮ ಮನೆಗಳಲ್ಲಿ ಯಾರೂ ನಾಟಕ ಎನ್ನುವುದಿಲ್ಲ. ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತುವ ‘ಪರೂಮಾ’ ಕೂಡ ಏಷ್ಯಾದ ಕಾರ್ಖಾನೆಗಳಲ್ಲಿ ಅಚ್ಚಾದ ಬಟ್ಟೆಯೇ. ಎಲೆಯ ದೊನ್ನೆಯಲ್ಲಿ ಕೊಡುವ ಹುರಿದ ಟಿಲಾಪಿಯಾ ಮೀನಿನ ಮೂಲ ಆಫ್ರಿಕ, ಜೊತೆಗಿರುವ ಬಾಳೆಕಾಯಿಯದು ಏಷ್ಯಾ. ಹಾಗಾದರೆ ಊಟ ಸುಳ್ಳೇ? ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿಯನ್ನು ಬ್ಯಾಡಗಿಯದೆಂದು ಮೀಸೆ ತಿರುವುವ ನಾವು ಆ ಪ್ರಶ್ನೆ ಕೇಳದಿರುವುದು ಲೇಸು.

ಮೃಗಾಲಯದ ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಅಂಥದ್ದು ನಮ್ಮ ದೇಶದಲ್ಲೇ ನಡೆದಿದೆ. ಅಂಡಮಾನಿನಲ್ಲಿ ಜಾರವಾ ಬುಡಕಟ್ಟಿನ ಹೆಂಗಸರನ್ನು ಆಹಾರದ ಆಸೆ ತೋರಿಸಿ ಕುಣಿಸಿದ ವಿಡಿಯೋ 2012ರಲ್ಲಿ ಹೊರಬಿದ್ದಿದ್ದು ನಿಮಗೆ ನೆನಪಿರಬಹುದು. ಜಾರವಾಗಳು ಯಾರನ್ನೂ ಕರೆದಿರಲಿಲ್ಲ, ರಸ್ತೆಯೇ ಅವರ ಕಾಡಿನೊಳಗೆ ನುಗ್ಗಿತ್ತು. ಚಾಗ್ರೆಸ್ ದಂಡೆಯಲ್ಲಿ ದೋಣಿ ಕಳುಹಿಸುವವರೂ ಎಂಬೆರಾಗಳೇ, ದರ ಹೇಳುವವರೂ ಅವರೇ, ಸಂಜೆ ಬೀಳ್ಕೊಡುವವರೂ ಅವರೇ. ಹಾಗೆಂದು ಎಲ್ಲವೂ ಚೊಕ್ಕ ಎನ್ನಲಾರೆ. ಪಟ್ಟಣದ ಪ್ರವಾಸ ಕಂಪನಿಗಳ ಮೂಲಕ ಹೋದರೆ ನೀವು ಕೊಟ್ಟ ಹಣದಲ್ಲಿ ಒಂದು ಪಾಲು ಪಟ್ಟಣದಲ್ಲೇ ನಿಲ್ಲುತ್ತದೆ. ಸಾಧ್ಯವಾದರೆ ಹಳ್ಳಿಯವರನ್ನೇ ಸಂಪರ್ಕಿಸಿ.

ಹೋಗಿ ಬನ್ನಿ, ಅದೇ ನನ್ನ ಉತ್ತರ. ಜನವರಿ ಅಲ್ಲಿ ಮಳೆಯಿಲ್ಲದ ಕಾಲ, ನದಿ ತೆಳುವಾಗಿರುತ್ತದೆ. ದೋಣಿ ನೆಲ ಕಚ್ಚಿದರೆ ಇಳಿದು ತಳ್ಳಬೇಕಾದೀತು, ನೀರಿಗಿಳಿಯಬಹುದಾದ ಚಪ್ಪಲಿ ಇರಲಿ. ಮಕ್ಕಳಿಗೆ ಹಂಚಲು ಮಿಠಾಯಿ ಒಯ್ಯಬೇಡಿ. ಬಿಡಿ ಡಾಲರ್ ನೋಟು ಒಯ್ಯಿರಿ, ಬುಟ್ಟಿ ಕೊಳ್ಳಲು ಬೇಕಾಗುತ್ತದೆ. ಚುಂಗಾ ಎಂಬ ತಾಳೆಜಾತಿಯ ಮರದ ಮೈತುಂಬ ಮುಳ್ಳು. ಅದರ ಎಳೆಗರಿಯನ್ನು ಸೀಳಿ, ಒಣಗಿಸಿ, ಗಿಡಮರಗಳಿಂದ ತೆಗೆದ ಬಣ್ಣದಲ್ಲಿ ಅದ್ದಿ ಹೆಣೆಯುತ್ತಾರೆ. ದೊಡ್ಡ ಬುಟ್ಟಿಯೊಂದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದೇವರಾಜ ಮಾರುಕಟ್ಟೆಯ ಚೌಕಾಸಿಯನ್ನು ದಯವಿಟ್ಟು ಮೈಸೂರಿನಲ್ಲೇ ಬಿಟ್ಟು ಹೊರಡಿ.

ಕೊನೆಯದಾಗಿ, ಹಗುವಾ ಕಾಯಿಯ ರಸದಿಂದ ಮೈಮೇಲೆ ಚಿತ್ತಾರ ಬರೆಯುತ್ತೇವೆ ಎನ್ನುತ್ತಾರೆ. ಬರೆದಾಗ ಬಣ್ಣವೇ ಹಿಡಿದಂತೆ ಕಾಣುವುದಿಲ್ಲ. ಕೆಲವು ಗಂಟೆಗಳಲ್ಲಿ ಕಡುನೀಲಿಗಪ್ಪಾಗುತ್ತದೆ. ಮದರಂಗಿಯಂತೆಯೇ, ತೊಳೆದರೆ ಹೋಗುವುದಿಲ್ಲ, ವಾರದ ಮೇಲೆ ತಾನಾಗಿ ಮಾಸಬೇಕು. ಊರಿಗೆ ಮರಳಿದ ಕೂಡಲೇ ಯಾರದಾದರೂ ಮದುವೆಯಿದ್ದರೆ ಮುಖ ಒಡ್ಡಬೇಡಿ, ತೋಳು ಕೊಡಿ.

— ಸಂ.