ಸುದ್ದಿಯ ಪರ ವಕಾಲತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಾಧ್ಯಮ ಮತ್ತು ವಾಕ್ ಸ್ವಾತಂತ್ರ್ಯದ ಪ್ರಕರಣ ನಡೆಸುವ ವಕೀಲರಾಗುವುದು ಹೇಗೆ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಬರೆದಿದ್ದಾರೆ. ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮಾಧ್ಯಮ ವಕೀಲೆ ಆಗಬೇಕು. ಬೆಂಗಳೂರಿಗೇ ಹೋಗಬೇಕೆ? — ವಿದ್ಯಾರ್ಥಿನಿ, ಸಿರುಗುಪ್ಪ

ಬೇಕಿಲ್ಲ. ಮಾಧ್ಯಮ ವಕೀಲರಿಗೆಂದು ಬೇರೆ ಸನ್ನದು (ವಕೀಲಿ ಪರವಾನಗಿ) ಇಲ್ಲ. ಪದವಿ ಮುಗಿಸಿದವರಿಗೆ 3 ವರ್ಷದ ಎಲ್‌ಎಲ್‌ಬಿ ಸಾಕು. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಇರಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಇವೆ.

ಎಲ್‌ಎಲ್‌ಬಿ ಆದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಸ್ಟಾಂಪ್ ಶುಲ್ಕ ಬೇರೆ. ನೋಂದಣಿಯಾದ 2 ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯದ ಪುಸ್ತಕ) ಒಳಗೆ ಒಯ್ಯಬಹುದು ಎಂದು ಓದದೆ ಹೋಗಿ ಎಡವುವವರು ಬಹಳ. ಯಾವ ಕಲಂ ಎಲ್ಲಿದೆ ಎಂದು ತಿಳಿಯದವನ ಕೈಯಲ್ಲಿ ಪುಸ್ತಕ ಇದ್ದೂ ಇಲ್ಲದಂತೆ.

ಸನ್ನದು ಸಿಕ್ಕ ಕೂಡಲೇ ಮಾಧ್ಯಮ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡಲು ಓಡಬೇಡಿ. ಮೊದಲ 2–3 ವರ್ಷ ಸಿವಿಲ್, ಕ್ರಿಮಿನಲ್ ಎರಡೂ ನಡೆಸುವ ಹಿರಿಯರ ಕೈಕೆಳಗೆ ಕೆಲಸ ಮಾಡಿ. ಪತ್ರಿಕೆಯ ಮೇಲೆ ಬರುವ ಪ್ರಕರಣ ಒಂದೋ ಪರಿಹಾರದ ದಾವೆ, ಇಲ್ಲವೇ ಖಾಸಗಿ ದೂರು ಅಥವಾ ಎಫ್‌ಐಆರ್. ಪಾಟೀಸವಾಲು ಮಾಡಲು, ತಡೆಯಾಜ್ಞೆ ತೆರವು ಮಾಡಿಸಲು ಬಾರದವರಿಗೆ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ ಬಾಯಿಪಾಠವಾಗಿದ್ದೂ ಉಪಯೋಗವಿಲ್ಲ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಅದು ಕಡ್ಡಾಯವಲ್ಲ, ಜಿಲ್ಲಾ ಕೇಂದ್ರಗಳಲ್ಲಿ ಅಷ್ಟು ಸಿಗುತ್ತದೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಸುಪ್ರೀಂ ಕೋರ್ಟಿನ ಈ ತೀರ್ಪುಗಳ ಓದು ಜೊತೆಗೇ ಸಾಗಲಿ: ರೊಮೇಶ್ ಥಾಪರ್ (1950), ಸಕಾಳ್ ಪೇಪರ್ಸ್ (1962), ಬೆನೆಟ್ ಕೋಲ್ಮನ್ (1973), ಆರ್. ರಾಜಗೋಪಾಲ್ (1994), ಶ್ರೇಯಾ ಸಿಂಘಾಲ್ (2015). ಸಾರಾಂಶ ಸಾಲದು, ಇಡೀ ತೀರ್ಪು ಓದಿ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು 19(2)ರಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಸರ್ಕಾರ ಯಾವುದನ್ನು ಹಿಡಿದಿದೆ ಎಂದು ಪ್ರತಿ ಸಲವೂ ಹುಡುಕಿ. ‘ಸಾರ್ವಜನಿಕ ಹಿತಾಸಕ್ತಿ’ ಆ ಪಟ್ಟಿಯಲ್ಲೇ ಇಲ್ಲ. ಸಕಾಳ್ ಪ್ರಕರಣದಲ್ಲಿ ಸರ್ಕಾರ ಮುಗ್ಗರಿಸಿದ್ದು ಅಲ್ಲಿಯೇ. ಇಂದಿಗೂ ಅಧಿಕಾರಿಗಳ ಆದೇಶಗಳಲ್ಲಿ ಅದೇ ತಪ್ಪು ಕಾಣುತ್ತದೆ.

ಬಳ್ಳಾರಿ, ಕೊಪ್ಪಳದ ರಿಟ್ ಅರ್ಜಿ (ಸರ್ಕಾರದ ಕ್ರಮ ಪ್ರಶ್ನಿಸುವ ಅರ್ಜಿ) ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿ ಪೀಠಕ್ಕೆ. ಮುಂದೆ ಎಲ್ಲಿ ಕಚೇರಿ ತೆರೆಯುತ್ತೀರಿ ಎನ್ನುವಾಗ ಇದು ನೆನಪಿರಲಿ.

ದಿನಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರ. ಎಲ್‌ಎಲ್‌ಬಿಗೆ ಸೇರಿದ್ದೇನೆ. ಸನ್ನದು ಬಂದ ಮೇಲೂ ವರದಿಗಾರಿಕೆ ಮುಂದುವರಿಸಬಹುದೆ? — ಲಿಂಗಸುಗೂರು

ಓದುವಾಗ ಅಡ್ಡಿಯಿಲ್ಲ, ಆದರೆ ಹಾಜರಾತಿ ನೋಡಿಕೊಳ್ಳಿ. ಪ್ರತಿ ವಿಷಯದಲ್ಲೂ ಶೇ 70 ಕಡ್ಡಾಯ. ಅಸಾಧಾರಣ ಕಾರಣವಿದ್ದರೆ ಶೇ 65ರವರೆಗೆ ವಿನಾಯಿತಿ. ಚುನಾವಣೆ ವರದಿಗೆ ಹೋಗಿದ್ದೆ ಎಂಬುದು ಅಸಾಧಾರಣ ಕಾರಣ ಆಗಲಾರದು.

ಸನ್ನದಿನ ನಂತರ ಚಿತ್ರ ಬದಲಾಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಪೂರ್ಣಾವಧಿ ಸಂಬಳದ ನೌಕರಿಯನ್ನು ನಿಷೇಧಿಸುತ್ತದೆ. 51ನೇ ನಿಯಮ ಮಾತ್ರ ಉದಾರವಾಗಿದೆ: ಜಾಹೀರಾತು ಮತ್ತು ಪೂರ್ಣಾವಧಿ ನೌಕರಿಯ ನಿರ್ಬಂಧಕ್ಕೆ ಒಳಪಟ್ಟು ಪತ್ರಿಕೋದ್ಯಮ, ಪ್ರಸಾರ, ಬೋಧನೆ ಮಾಡಬಹುದು, ಅಚ್ಚಿಗೆ ಹೋಗುವ ಮೊದಲು ಪತ್ರಿಕೆಯ ಬರಹವನ್ನು ಕಾನೂನು ದೃಷ್ಟಿಯಿಂದ ತಪಾಸಣೆ ಮಾಡಿಕೊಡಬಹುದು ಎಂದು ಹೆಸರಿಟ್ಟೇ ಹೇಳುತ್ತದೆ. ಆದರೆ ವಕೀಲ ಮತ್ತು ಮಾನ್ಯತೆ ಪಡೆದ ಪತ್ರಕರ್ತ ಎರಡೂ ಆಗಿರಲು ಬರುವುದಿಲ್ಲ ಎಂಬ ನಿಲುವನ್ನು ಪರಿಷತ್ತು 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಳೆದಿದೆ. ಆದ್ದರಿಂದ ವರದಿಗಾರರ ಗುರುತಿನ ಚೀಟಿ ಮರಳಿಸಿ, ಅಂಕಣ ಬರೆಯಿರಿ, ತಪಾಸಣೆ ಮಾಡಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಎದುರು ಪಕ್ಷದವರು ಪರಿಷತ್ತಿಗೆ ದೂರು ಬರೆಯಲು ತಡಮಾಡುವುದಿಲ್ಲ.

ಕೊಪ್ಪಳದಲ್ಲಿ ವಕೀಲಿ ಆರಂಭಿಸಿದ್ದೇನೆ. ಇಲ್ಲಿ ಈ ಕೆಲಸ ನಿಜಕ್ಕೂ ಸಿಗುತ್ತದೆಯೆ? ಸಿಕ್ಕರೆ ಏನು ಮಾಡಬೇಕಾಗುತ್ತದೆ?

ಸಿಗುತ್ತದೆ, ಆದರೆ ಅದೊಂದರಿಂದಲೇ ಮನೆ ನಡೆಯದು. ಭೂ ದಾವೆ, ಚೆಕ್ ಬೌನ್ಸ್ ಜೊತೆಗಿರಲಿ. ಗಣಿ, ಸ್ಪಾಂಜ್ ಐರನ್ ಕಾರ್ಖಾನೆ, ಮರಳು, ಅಕ್ಕಿ ಗಿರಣಿ ಇರುವ ಸೀಮೆಯಲ್ಲಿ ಸುದ್ದಿಗೂ ನೋಟಿಸಿಗೂ ಬರವಿಲ್ಲ.

ಅತ್ಯಂತ ಬೆಲೆಯುಳ್ಳ ಕೆಲಸ ಅಚ್ಚಿಗೆ ಮೊದಲಿನದು. ಸಂಪಾದಕರು ಸಂಜೆ ಕಳಿಸುವ ಬರಹವನ್ನು ರಾತ್ರಿಯೊಳಗೆ ಓದಿಕೊಡಬೇಕು. ತಲೆಬರಹದಿಂದ ಶುರು ಮಾಡಿ. ಒಳಗೆ ‘ಆರೋಪ’ ಎಂದು ಬರೆದು ಮೇಲೆ ‘ಲೂಟಿ’ ಎಂದು ಹಾಕಿರುತ್ತಾರೆ. ಆಮೇಲೆ ಫೋಟೊ: ಧೂಳಿನ ಸುದ್ದಿಗೆ ಬೇರೆ ಕಾರ್ಖಾನೆಯ ಹಳೆಯ ಚಿತ್ರ ಬಂದಿದ್ದರೆ ಸುದ್ದಿ ಸತ್ಯವಿದ್ದರೂ ದಾವೆ ಬರುತ್ತದೆ. ಪ್ರತಿ ಆರೋಪದ ಎದುರು ಯಾವ ದಾಖಲೆ ಇದೆ ಎಂದು ಅಂಚಿನಲ್ಲಿ ಬರೆಯಿಸಿ. ಆರೋಪಕ್ಕೆ ಗುರಿಯಾದವರಿಗೆ ನಿರ್ದಿಷ್ಟ ಪ್ರಶ್ನೆ ಕಳಿಸಿ ಉತ್ತರಕ್ಕೆ ಸಮಯ ಕೊಟ್ಟಿದ್ದಾರೆಯೆ? ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಸಾಲಿಗಿಂತ ಕಳಿಸಿದ ಇಮೇಲ್ ಹೆಚ್ಚು ರಕ್ಷಣೆ ಕೊಡುತ್ತದೆ.

ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಹೆಸರು ತೆಗೆದರೆ ಸಾಲದು. ಸಣ್ಣ ಊರಿನ ಹೆಸರು, ಶಾಲೆ, ತಂದೆಯ ಉದ್ಯೋಗ ಮೂರೂ ಸೇರಿದರೆ ಗುರುತು ಬಯಲು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ವರದಿಗಾರನ ಜೊತೆ ಪ್ರಕಾಶಕ, ಮಾಲೀಕರೂ ಹೊಣೆ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದೆ 1 ವರ್ಷದವರೆಗೆ, ಅಥವಾ ದಂಡ, ಅಥವಾ ಎರಡೂ. ವಯಸ್ಕ ಸಂತ್ರಸ್ತರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇದೆ.

ಇನ್ನು ನೋಟಿಸ್. ‘10 ಕೋಟಿ ಪರಿಹಾರ ಕೊಡಿ’ ಎಂದು ಬಂದ ಕಾಗದ ನೋಡಿ ಕಕ್ಷಿದಾರ ಬೆವರುತ್ತಾನೆ. ಕೇಳುವ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕಾದ್ದರಿಂದ ನೋಟಿಸಿನ ಕೋಟಿ ದಾವೆಗೆ ಬರುವಷ್ಟರಲ್ಲಿ ಬಹಳ ಸಲ ಕರಗಿರುತ್ತದೆ. ಹಾಗೆಂದು ನೋಟಿಸಿಗೆ ಉತ್ತರಿಸದೆ ಇರಬೇಡಿ. ಎರಡು ದಿನಾಂಕ ಬರೆದಿಟ್ಟುಕೊಳ್ಳಿ: ಅಚ್ಚಾದ ಮಾನಹಾನಿಗೆ ಸಿವಿಲ್ ದಾವೆ ಹೂಡಲು ಪ್ರಕಟವಾದ ದಿನದಿಂದ 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷ. ಸಿವಿಲ್‌ನಲ್ಲಿ ಸತ್ಯವೊಂದೇ ಸಾಕಾದ ರಕ್ಷಣೆ. ಕ್ರಿಮಿನಲ್‌ನಲ್ಲಿ ಸತ್ಯದ ಜೊತೆ ಸಾರ್ವಜನಿಕ ಒಳಿತನ್ನೂ ತೋರಿಸಬೇಕು. ಉತ್ತರದ ಕರಡಿನಲ್ಲಿ ಈ ಎರಡನ್ನು ಕಲಸಿಬಿಡುವುದು ಹೊಸಬರಲ್ಲಿ ಸಾಮಾನ್ಯ.

ನೋಟಿಸ್ ಬಂದ ವಾರದಲ್ಲೇ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿ. ಇಲ್ಲಿ ಮಾತ್ರವಲ್ಲ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೂ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ಪ್ರಕಾರ ಹಾನಿಯಾದ ಜಾಗದಲ್ಲಿ ದಾವೆ ಹೂಡಲು ವಾದಿಗೆ ಅವಕಾಶವಿದೆ. ಜಾಲತಾಣದಲ್ಲಿ ಬಂದದ್ದನ್ನು ಬೆಂಗಳೂರಿನಲ್ಲೂ ಓದಿದರು ಎನ್ನುತ್ತಾರೆ. ಕೇವಿಯಟ್‌ನ ಆಯಸ್ಸು 90 ದಿನ, ಮತ್ತೆ ಹಾಕಬೇಕು, ಮರೆಯುವುದು ಇಲ್ಲೇ. ಅಷ್ಟರಲ್ಲಿ ಏಕಪಕ್ಷೀಯ ತಡೆಯಾಜ್ಞೆ ಬಂದೇಬಿಟ್ಟರೆ ಅದೇ ಸಂಹಿತೆಯ ಆದೇಶ 39, ನಿಯಮ 4ರಡಿ ತೆರವಿಗೆ ಅರ್ಜಿ ಕೊಡಿ. ಏಕಪಕ್ಷೀಯ ತಡೆಯಾಜ್ಞೆ ಕೊಟ್ಟ 30 ದಿನದಲ್ಲಿ ವಾದಿಯ ತಡೆಯಾಜ್ಞೆ ಅರ್ಜಿಯನ್ನು ತೀರ್ಮಾನಿಸಲು ಯತ್ನಿಸಬೇಕೆಂದು ನಿಯಮ 3ಎ ಹೇಳುತ್ತದೆ. ವಿಚಾರಣೆಗೆ ಮೊದಲೇ ಸುದ್ದಿ ತಡೆಯುವುದು ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್–ಜೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆಗ ಕೈಯಲ್ಲಿರಲಿ.

ವಾದಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು: ಮಾನಹಾನಿಯ ಮಾತು ಯಾವುದೆಂದು ಅಚ್ಚಾದ ಕನ್ನಡದಲ್ಲೇ ಅಕ್ಷರಶಃ ಕೊಟ್ಟಿದ್ದಾರೆಯೆ? ‘ಕೆಟ್ಟದಾಗಿ ಬರೆದಿದ್ದಾರೆ’ ಎಂದು ಸಾರಾಂಶ ಕೊಟ್ಟಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಯೂಟ್ಯೂಬ್ ವಾಹಿನಿ ನಡೆಸುವವರೊಬ್ಬರು ನನ್ನ ಕಕ್ಷಿದಾರರು. ಠಾಣೆಯಿಂದ ನೋಟಿಸ್ ಬಂದಿದೆ, ಮೊಬೈಲ್ ತನ್ನಿ ಎನ್ನುತ್ತಿದ್ದಾರೆ. ವಿಡಿಯೊ ಅಳಿಸಿಬಿಡಲೇ ಎಂದು ಕೇಳುತ್ತಾರೆ. — ಕಿರಿಯ ವಕೀಲ, ಸಿಂಧನೂರು

ಅಳಿಸಬಾರದು. ಸಾಕ್ಷ್ಯ ನಾಶದ ಹೊಸ ಆರೋಪ ಬರುವುದು ಒಂದು, ಮಾತಿನ ಹಿಂದುಮುಂದಿನ ಸಂದರ್ಭ ತೋರಿಸಲು ನಿಮಗೇ ಏನೂ ಉಳಿಯದಿರುವುದು ಇನ್ನೊಂದು. ಕ್ಯಾಮೆರಾ ಕಾರ್ಡಿನ ಮೂಲ ಕಡತವನ್ನು ಮುಟ್ಟದೆ ನಕಲು ಮಾಡಿಸಿ, ಹ್ಯಾಷ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬರೆದಿಡಿ. ವಾಟ್ಸ್‌ಆಪ್‌ನಲ್ಲಿ ತರಿಸಿಕೊಂಡ ಪ್ರತಿ ಮೂಲವಲ್ಲ, ಅದರ ಹ್ಯಾಷ್ ಬೇರೆ ಬರುತ್ತದೆ. ಮುಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಎರಡು ಭಾಗ, ಮೊದಲನೆಯದು ಹಾಜರುಪಡಿಸುವವರದು, ಎರಡನೆಯದು ತಜ್ಞರದು. ಎರಡನೆಯದನ್ನು ಬಿಟ್ಟು ಸಲ್ಲಿಸಿ ಆಕ್ಷೇಪಣೆ ಎದುರಿಸುವವರು ಇದ್ದಾರೆ.

ನೋಟಿಸ್ ಯಾವ ಕಲಂನದು ಎಂದು ನೋಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕ್ರಿಯೆಯ ಕಾಯ್ದೆ) 35(3) ಎಂದಿದ್ದರೆ ಹೇಳಿದ ದಿನ ಹಾಜರಾಗಲೇಬೇಕು. ಹಾಜರಾಗಿ ಷರತ್ತು ಪಾಲಿಸುವವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. 94 ಎಂದಿದ್ದರೆ ವಸ್ತು ಅಥವಾ ದಾಖಲೆ ಹಾಜರುಪಡಿಸಲು. ಬಾಯಿಮಾತಿಗೆ ಫೋನ್ ಒಪ್ಪಿಸಬೇಡಿ. ಲಿಖಿತ ಆದೇಶ ಕೇಳಿ, ಕೊಡಲೇಬೇಕಾದರೆ ಐಎಂಇಐ ಸಂಖ್ಯೆ ಇರುವ ಜಪ್ತಿ ಪಂಚನಾಮೆಯ ಪ್ರತಿ ಪಡೆಯಿರಿ. ಶೋಧ ಮತ್ತು ಜಪ್ತಿಯ ಚಿತ್ರೀಕರಣ 105ನೇ ಕಲಂ ಪ್ರಕಾರ ಕಡ್ಡಾಯ.

ಎಫ್‌ಐಆರ್ ಬರೀ ಮಾನಹಾನಿಯದಾದರೆ ಅದು ನಿಲ್ಲುವುದಿಲ್ಲ. ಮಾನಹಾನಿಯ ಕಲಂ, ಅಂದರೆ ನ್ಯಾಯ ಸಂಹಿತೆಯ 356, ಪೊಲೀಸರ ಕೈಗೆ ಸೇರಿದ್ದಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಅಲ್ಲೂ ಸುರಕ್ಷಾ ಸಂಹಿತೆಯ 223ನೇ ಕಲಂನಂತೆ, ದೂರುದಾರರ ಪ್ರಮಾಣ ಹೇಳಿಕೆ ಆದ ಮೇಲೆ ಆದರೆ ಕಾಗ್ನಿಜೆನ್ಸ್ ತೆಗೆದುಕೊಳ್ಳುವ (ದೂರನ್ನು ವಿಚಾರಣೆಗೆ ಅಂಗೀಕರಿಸುವ) ಮೊದಲು, ಆರೋಪಿಯ ಮಾತು ಕೇಳಬೇಕು. ಇದನ್ನು ತಿಳಿದೇ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ) ಅಥವಾ 353 (ಸಾರ್ವಜನಿಕರನ್ನು ಕೆರಳಿಸುವ ಹೇಳಿಕೆ) ಸೇರಿಸಿ ಎಫ್‌ಐಆರ್ ಮಾಡಿಸುತ್ತಾರೆ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಸುರಕ್ಷಾ ಸಂಹಿತೆಯ 173(3)ರಡಿ ಡಿವೈಎಸ್‌ಪಿ ಅನುಮತಿಯಿಂದ 14 ದಿನದ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು, ಬರಹದ ಪ್ರಕರಣಗಳಲ್ಲಿ ಈ ದಾರಿ ಹಿಡಿಯುವುದೇ ಸೂಕ್ತ ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ವಿಚಾರಣೆ ಮಾಡದೆ ನೇರ ಎಫ್‌ಐಆರ್ ಹಾಕಿದ್ದರೆ ಕಲಬುರಗಿ ಪೀಠದಲ್ಲಿ ರದ್ದತಿ ಅರ್ಜಿಗೆ ಅದೇ ಮೊದಲ ಆಧಾರ.

ಸುದ್ದಿ ಕೊಟ್ಟವರ ಹೆಸರನ್ನು ಕೋರ್ಟು ಕೇಳಿದರೆ ಹೇಳಲೇಬೇಕೆ? — ಸಂಡೂರು

ಪತ್ರಿಕಾ ಮಂಡಳಿಯ ಮುಂದೆ ಬೇಕಿಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2)ನೇ ಕಲಂ ರಕ್ಷಿಸುತ್ತದೆ. ನ್ಯಾಯಾಲಯದ ಮುಂದೆ ಅಂಥ ಶಾಸನಬದ್ಧ ವಿನಾಯಿತಿ ಪತ್ರಕರ್ತರಿಗಿಲ್ಲ. ಆದ್ದರಿಂದ ಗಣಿ ಪರ್ಮಿಟ್ ಸುದ್ದಿಯೇ ಇರಲಿ, ಮೂಲವ್ಯಕ್ತಿ ಹೇಳಿದ್ದನ್ನೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿಯಾಗಿ ತರಿಸಿಕೊಂಡು, ಅದರ ಮೇಲೆ ನಿಂತು ಬರೆಯಲು ಕಕ್ಷಿದಾರರಿಗೆ ಹೇಳಿ. ದಾಖಲೆಯೇ ಸಾಕ್ಷಿಯಾದರೆ ಹೆಸರು ಕೇಳುವ ಪ್ರಮೇಯ ಬಹುಪಾಲು ಬರುವುದಿಲ್ಲ.