ಗೋಧಿ ಒಗ್ಗದು, ದೋಸೆಯೂ ಒಗ್ಗದು: ತಟ್ಟೆಯಲ್ಲಿ ಉಳಿಯುವುದೇನು?

ಪ್ರಶ್ನೆ: ನಾನು ಮಂಡ್ಯದ ಸಮೀಪದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ, ವಯಸ್ಸು 41. ಮೂರು ವರ್ಷಗಳಿಂದ ಹೊಟ್ಟೆಯುಬ್ಬರ, ಆಗಾಗ ಭೇದಿ, ವಿಪರೀತ ಸುಸ್ತು ಇದೆ. ಹಿಮೋಗ್ಲೋಬಿನ್ ಕಡಿಮೆಯೆಂದು ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದೇನೆ. ಪರಿಚಿತರೊಬ್ಬರ ಮಾತು ಕೇಳಿ ಒಂದೂವರೆ ವರ್ಷದ ಹಿಂದೆ ಗೋಧಿ, ಮೈದಾ, ರವೆ ಬಿಟ್ಟೆ. ಹೊಟ್ಟೆ ಅರ್ಧದಷ್ಟು ಸುಧಾರಿಸಿತು. ಆದರೆ ದೋಸೆ, ಟೊಮೆಟೊ ಸಾರು, ಬದನೆಕಾಯಿ ಅಥವಾ ಹಿಂದಿನ ದಿನದ ಕೋಳಿ ಸಾರು ತಿಂದರೆ ಮುಖ ಕೆಂಪೇರುತ್ತದೆ, ಮೈಮೇಲೆ ಗಂಧೆ ಏಳುತ್ತದೆ, ತಲೆ ಸಿಡಿಯುತ್ತದೆ. ಇದು ಹಿಸ್ಟಮಿನ್ (ಅಲರ್ಜಿಯಂಥ ಲಕ್ಷಣ ಎಬ್ಬಿಸುವ ರಾಸಾಯನಿಕ) ತೊಂದರೆ ಎಂದು ಫೋನಿನಲ್ಲಿ ಓದಿ, ಅಲ್ಲಿನ ಪಟ್ಟಿಯಂತೆ ಒಂದೊಂದನ್ನೇ ಬಿಡುತ್ತಾ ಈಗ ಅನ್ನ, ತುಪ್ಪ, ಸೀಮೆಬದನೆ, ಬೂದುಗುಂಬಳಕ್ಕೆ ಬಂದು ನಿಂತಿದ್ದೇನೆ. ಮುದ್ದೆಯನ್ನೂ ಬಿಟ್ಟೆ. ತೂಕ 58 ಕಿಲೋದಿಂದ 51ಕ್ಕೆ ಇಳಿದಿದೆ. ‘ಅನುಮಾನವೇ ನಿನ್ನ ಕಾಯಿಲೆ’ ಎನ್ನುತ್ತಾರೆ ಅತ್ತೆ. ಈ ಎರಡು ತೊಂದರೆಗಳಿಗೂ ಸಂಬಂಧವಿದೆಯೇ? ನಾನು ಏನನ್ನು ತಿನ್ನಬಹುದು?

ಉತ್ತರ: ಮೊದಲು ಮುದ್ದೆಯ ವಿಷಯ. ರಾಗಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲ. ಅದು ಇರುವುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ. ಅಕ್ಕಿ, ಜೋಳ, ಸಜ್ಜೆ, ನವಣೆ, ಸಾಮೆಗಳಲ್ಲೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕರುಳು ಸೊರಗಿ ಮೂಳೆ ಸವೆಯುವ ಅಪಾಯವಿರುವ ನಿಮ್ಮಂಥವರು ಮುದ್ದೆ ಬಿಟ್ಟು ಬರೀ ಅನ್ನ ಉಣ್ಣುತ್ತಿರುವುದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಎಚ್ಚರ ಬೇಕಾಗಿರುವುದು ರಾಗಿಯ ಬಗ್ಗೆ ಅಲ್ಲ, ಹಿಟ್ಟಿನ ಗಿರಣಿಯ ಬಗ್ಗೆ. ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ, ಅದೇ ಯಂತ್ರದಲ್ಲಿ ಉಳಿದ ಹಿಟ್ಟು ನಿಮ್ಮ ಡಬ್ಬಿಯ ರಾಗಿಗೆ ಬೆರೆತೇ ಬರುತ್ತದೆ. ರಾಗಿಗೆಂದೇ ಬೇರೆ ಯಂತ್ರವಿಟ್ಟಿರುವ ಗಿರಣಿಯನ್ನು ಹುಡುಕಿ, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಿ. ಇಂಗಿನ ಡಬ್ಬಿಯನ್ನೂ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟನ್ನೇ ಬೆರೆಸಿರುತ್ತಾರೆ. ಗೋಧಿ ಬಿಟ್ಟೂ ಹೊಟ್ಟೆ ಅರ್ಧ ಮಾತ್ರ ಸುಧಾರಿಸಿದ್ದಕ್ಕೆ ದಿನವೂ ಒಗ್ಗರಣೆಗೆ ಬೀಳುವ ಆ ಚಿಟಿಕೆಯೂ ಒಂದು ಕಾರಣವಿರಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಏಳು ಕಿಲೋ, ಮತ್ತು ಎಲ್ಲಿಯೂ ಒಂದು ಪರೀಕ್ಷೆಯ ಹೆಸರಿಲ್ಲದಿರುವುದು. ಗೋಧಿ ಬಿಟ್ಟಾಗ ಹಗುರವಾಯಿತು ಎಂಬುದೊಂದೇ ಗ್ಲುಟೆನ್ ಮೇಲೆ ತಪ್ಪು ಹೊರಿಸಲು ಸಾಲದು. ಗೋಧಿಯಲ್ಲಿ ಫ್ರುಕ್ಟಾನ್ ಎಂಬ ಸಕ್ಕರೆಯಂಶವೂ ಇದೆ; ಈರುಳ್ಳಿ ಬೆಳ್ಳುಳ್ಳಿಗಳಲ್ಲಿಯೂ ಇರುವ ಅದು ಕೆಲವರ ಕರುಳಿನಲ್ಲಿ ಹುಳಿತು ವಾಯು ತುಂಬುತ್ತದೆ. ಆದರೆ ದೀರ್ಘಕಾಲದ ಭೇದಿ, ಮಾತ್ರೆಗೂ ಜಗ್ಗದ ರಕ್ತಹೀನತೆ, ತೂಕ ಇಳಿಕೆ, ಈ ಮೂರೂ ಒಟ್ಟಿಗಿದ್ದರೆ ಸೀಲಿಯಾಕ್ ಕಾಯಿಲೆಯನ್ನು ಶಂಕಿಸಲೇಬೇಕು. ಅದು ಬರೀ ಅಜೀರ್ಣವಲ್ಲ. ಗ್ಲುಟೆನ್ ಕಂಡೊಡನೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ, ಅದರ ಜೊತೆಗೆ ಒಟ್ಟು ಐಜಿಎ ಪ್ರಮಾಣ, ಅಗತ್ಯವಿದ್ದರೆ ಎಂಡೋಸ್ಕೋಪಿಯಲ್ಲಿ ಕರುಳಿನ ತುಣುಕು ತೆಗೆದು ಪರೀಕ್ಷೆ, ಹೀಗೆ ಅದನ್ನು ಪತ್ತೆ ಮಾಡುತ್ತಾರೆ. ತೊಡಕೆಂದರೆ, ಗೋಧಿ ತಿನ್ನುತ್ತಿರುವಾಗ ಮಾತ್ರ ಈ ಪರೀಕ್ಷೆಗಳನ್ನು ನಂಬಬಹುದು. ಬಿಟ್ಟು ಒಂದೂವರೆ ವರ್ಷವಾದ ಮೇಲೆ ವರದಿ ‘ಇಲ್ಲ’ ಎಂದು ಬಂದರೆ ಅದಕ್ಕೆ ಬೆಲೆಯಿಲ್ಲ. ಹಾಗೆಂದು ನಾಳೆಯಿಂದಲೇ ಚಪಾತಿ ಆರಂಭಿಸಬೇಡಿ. ಮೈಸೂರಿನಲ್ಲೋ ಮಂಡ್ಯದಲ್ಲೋ ಜೀರ್ಣಾಂಗ ತಜ್ಞ ವೈದ್ಯರನ್ನು ಕಂಡು, ಡಿಕ್ಯೂ2 ಮತ್ತು ಡಿಕ್ಯೂ8 ಜೀನ್‌ಗಳ ಪರೀಕ್ಷೆಯ ಬಗ್ಗೆ ಕೇಳಿ. ಅದಕ್ಕೆ ಗೋಧಿ ತಿನ್ನಬೇಕಿಲ್ಲ, ಮತ್ತು ಆ ಎರಡೂ ಜೀನ್‌ಗಳಿಲ್ಲದವರಿಗೆ ಸೀಲಿಯಾಕ್ ಇಲ್ಲವೆಂದೇ ಹೇಳಬಹುದು. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಆಗ ವೈದ್ಯರು ತಮ್ಮ ನಿಗಾದಲ್ಲಿ ಕೆಲವು ವಾರ ಗೋಧಿ ತಿನ್ನಿಸಿ ರಕ್ತಪರೀಕ್ಷೆ ಮಾಡಿಸಬಹುದು. ಥೈರಾಯ್ಡ್, ಬಿ12, ಫೋಲೇಟ್, ವಿಟಮಿನ್ ಡಿ ಮಟ್ಟಗಳನ್ನೂ ಅದೇ ಭೇಟಿಯಲ್ಲಿ ನೋಡಿಸಿ.

ಇನ್ನು ಸಂಬಂಧದ ಪ್ರಶ್ನೆ. ಊಟದ ಮೂಲಕ ಬರುವ ಹಿಸ್ಟಮಿನ್ನನ್ನು ಕರುಳಿನಲ್ಲೇ ಒಡೆದುಹಾಕುವ ಕಿಣ್ವದ ಹೆಸರು ಡೈಅಮೈನ್ ಆಕ್ಸಿಡೇಸ್. ಅದು ತಯಾರಾಗುವುದು ಸಣ್ಣ ಕರುಳಿನ ಒಳಪದರದಲ್ಲಿರುವ, ಬೆರಳಿನ ಆಕಾರದ ಕಿರು ಎಳೆಗಳಲ್ಲಿ. ಸೀಲಿಯಾಕ್‌ನಲ್ಲಿ ಸವೆದು ಚಪ್ಪಟೆಯಾಗುವುದೂ ಇದೇ ಎಳೆಗಳೇ. ಎಳೆ ಸವೆದರೆ ಕಿಣ್ವವೂ ತಗ್ಗಬಹುದು. ಆಗ ಬೇರೆಯವರು ಸಲೀಸಾಗಿ ಅರಗಿಸಿಕೊಳ್ಳುವಷ್ಟು ಹಿಸ್ಟಮಿನ್ ನಿಮ್ಮ ರಕ್ತಕ್ಕೆ ಸೇರಿ ಮುಖ ಕೆಂಪಾಗುತ್ತದೆ, ಗಂಧೆ ಏಳುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವೂ ಅಲ್ಲಿಯೇ ಇರುವುದರಿಂದ ಹಾಲೂ ಕೆಲಕಾಲ ಒಗ್ಗದಿರಬಹುದು. ಆದ್ದರಿಂದ ಹಿಸ್ಟಮಿನ್ನನ್ನು ಆಜೀವ ಶತ್ರುವೆಂದು ತಿಳಿಯಬೇಡಿ. ಕಾರಣ ಸೀಲಿಯಾಕ್ ಆಗಿದ್ದರೆ, ಗ್ಲುಟೆನ್ ಪೂರ್ತಿ ನಿಂತ ಮೇಲೆ ಕರುಳು ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷ ಎರಡು ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅದರ ಜೊತೆಗೆ ಈ ತೊಂದರೆಯೂ ತಗ್ಗುವ ಆಸೆಯಿದೆ.

ಹಿಸ್ಟಮಿನ್ ಅಸಹಿಷ್ಣುತೆಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಎರಡರಿಂದ ನಾಲ್ಕು ವಾರ ಅಂಥ ಆಹಾರವನ್ನು ತಗ್ಗಿಸಿ, ಆಮೇಲೆ ಒಂದೊಂದಾಗಿ ಮರಳಿ ತಂದು ನೋಡುವುದೇ ದಾರಿ. ನೀವು ಮೊದಲರ್ಧವನ್ನು ಮಾತ್ರ ಮಾಡಿದ್ದೀರಿ, ಮರಳಿ ತರಲೇ ಇಲ್ಲ. ಫೋನಿನ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಎಲ್ಲವನ್ನೂ ಪಾಲಿಸಿದರೆ ತಟ್ಟೆ ಬರಿದಾಗುತ್ತದೆ. ಮುಖ್ಯವಾದದ್ದು ಪದಾರ್ಥದ ಹೆಸರಿಗಿಂತ ಅದರ ಹಳಸು. ಮೀನು, ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ ಹೋಗದು. ಭಾನುವಾರದ ಕೋಳಿ ಸಾರು ಸೋಮವಾರಕ್ಕೆ ಹೆಚ್ಚು ರುಚಿ ಎಂದು ಒಲೆಯ ಪಕ್ಕದಲ್ಲೇ ಬಿಟ್ಟು ಬೆಳಿಗ್ಗೆ ಬಿಸಿ ಮಾಡುವ ರೂಢಿ ನಮ್ಮ ಕಡೆ ಇದೆಯಲ್ಲ, ನಿಮಗೆ ತೊಂದರೆ ಕೊಟ್ಟಿರುವುದು ಕೋಳಿಯಲ್ಲ, ಆ ರಾತ್ರಿ. ಅಂದೇ ತಂದ ಕೋಳಿಯನ್ನು ಅಂದೇ ಬೇಯಿಸಿ ಬಿಸಿಯಾಗಿ ಉಣ್ಣಿ. ಉಳಿದರೆ ತಕ್ಷಣ ಆರಿಸಿ ಫ್ರೀಜರ್‌ಗೆ ಹಾಕಿ. ದೋಸೆ ಹಿಟ್ಟು ಹುದುಗು ಬಂದು ಫ್ರಿಜ್‌ನಲ್ಲಿ ಮೂರು ದಿನ ಹುಳಿಯುತ್ತಿದ್ದರೆ ಅದೂ ಹೀಗೆಯೇ. ಸದ್ಯಕ್ಕೆ ಹುದುಗಿಲ್ಲದ ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಒತ್ತು ಶ್ಯಾವಿಗೆ, ಅವಲಕ್ಕಿ, ಹೆಸರುಬೇಳೆಯ ಪೊಂಗಲ್ ಸಾಕಷ್ಟು ವೈವಿಧ್ಯ ಕೊಡುತ್ತವೆ.

ಈ ವಾರದಿಂದಲೇ ಮುದ್ದೆ, ಹೊಸದಾಗಿ ಮಾಡಿದ ಹೆಸರುಬೇಳೆ ಸಾರು, ಬೇಯಿಸಿದ ಮೊಟ್ಟೆ, ಸೋರೆಕಾಯಿ, ಕ್ಯಾರೆಟ್ ಮರಳಿ ಬರಲಿ. ಮೂರು ದಿನಕ್ಕೊಂದರಂತೆ ಹೊಸತನ್ನು ಸೇರಿಸಿ, ನಿಮ್ಮ ಪಾಠದ ಟಿಪ್ಪಣಿಯಂಥದೇ ಒಂದು ಪುಸ್ತಕದಲ್ಲಿ ತಿಂದ ಹೊತ್ತು, ಅಡುಗೆಯಾಗಿ ಎಷ್ಟು ಗಂಟೆಯಾಗಿತ್ತು, ಆಮೇಲೆ ಏನಾಯಿತು, ಮುಟ್ಟಿನ ಎಷ್ಟನೆಯ ದಿನ ಎಂದು ಬರೆಯಿರಿ. ಹುಳಿಯದ ಹಿಟ್ಟಿನ ದೋಸೆ, ಒಂದು ಟೊಮೆಟೊ ಇವುಗಳನ್ನು ಕೊನೆಯಲ್ಲಿ ಪರೀಕ್ಷಿಸಿ. ಬೇರೆ ಕಾರಣಕ್ಕೆ ಯಾವುದೇ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಕೆಲವು ಔಷಧಿಗಳು ಹಿಸ್ಟಮಿನ್ ಒಡೆಯುವ ಕಿಣ್ವವನ್ನು ತಡೆಯುತ್ತವೆ; ಆದರೆ ನೀವಾಗಿ ನಿಲ್ಲಿಸಬೇಡಿ. ತುಟಿ ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಪುಸ್ತಕ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಅತ್ತೆಯವರಿಗೆ ಒಂದು ವಿಷಯ ಹೇಳಿ. ವಿಲೆಮ್ ಡಿಕ್ಕೆ ಎಂಬ ಹಾಲೆಂಡಿನ ಮಕ್ಕಳ ವೈದ್ಯರು, ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಬ್ರೆಡ್ ಸಿಗದಿದ್ದಾಗ ಚೇತರಿಸಿಕೊಂಡ ಸೀಲಿಯಾಕ್ ಕಾಯಿಲೆಯ ಮಕ್ಕಳು, ಬ್ರೆಡ್ ಮತ್ತೆ ಬಂದಾಗ ಸೊರಗಿದ್ದನ್ನು ಗಮನಿಸಿದ್ದರು. 1950ರ ತಮ್ಮ ಪ್ರಬಂಧದಲ್ಲಿ ಅವರು ಗೋಧಿಯತ್ತ ಬೊಟ್ಟು ಮಾಡಿದರು. ಹಸಿದ ಪುಟ್ಟ ಮಕ್ಕಳಿಗೆ ಅನುಮಾನ ಗೊತ್ತಿರಲಿಲ್ಲ. ಆದರೆ ಸೊಸೆ ಊಟ ಬಿಟ್ಟು ಸೊರಗುತ್ತಿದ್ದಾಳೆ ಎಂಬ ಅವರ ಆತಂಕ ಸರಿಯೇ ಇದೆ, ಅದನ್ನು ನೀವೂ ಒಪ್ಪಿಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ಸೀಲಿಯಾಕ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಹೋಟೆಲಿನ ಮಸಾಲೆ ದೋಸೆ, ಮದ್ದೂರು ವಡೆ, ಮೈಸೂರು ಪಾಕ್ ತಿನ್ನಬಹುದೇ?

ಉತ್ತರ: ಮದ್ದೂರು ವಡೆಗೆ ರವೆ, ಮೈದಾ ಬೀಳುತ್ತದೆ, ಆದ್ದರಿಂದ ಬೇಡ. ಮೈಸೂರು ಪಾಕ್ ಕಡಲೆಹಿಟ್ಟು, ಸಕ್ಕರೆ, ತುಪ್ಪದ್ದು. ಮೈದಾ ಬೆರೆಸಿಲ್ಲವೆಂದು ಕೇಳಿ ತಿಳಿದುಕೊಂಡು ತಿನ್ನಿ. ಮಸಾಲೆ ದೋಸೆಯ ಮೂಲ ಹಿಟ್ಟು ಅಕ್ಕಿ, ಉದ್ದಿನದಾದರೂ ಕೆಲವೆಡೆ ಗರಿಗರಿಯಾಗಲೆಂದು ರವೆ ಸೇರಿಸುತ್ತಾರೆ, ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ನಿಮ್ಮದನ್ನೂ ಹುಯ್ಯುತ್ತಾರೆ. ಸಾಂಬಾರಿನಲ್ಲಿ ಇಂಗಿರುತ್ತದೆ. ಪರಿಚಯವಾಗಿ ನಿಮ್ಮ ಮಾತು ಕೇಳುವ ಒಂದು ಹೋಟೆಲನ್ನು ಆರಿಸಿಕೊಂಡು ಅಲ್ಲಿಗೇ ಹೋಗಿ. ಪೂಜೆಯಲ್ಲಿ ಕೊಡುವ ಸಪಾದ ಭಕ್ಷ್ಯ ರವೆಯದೇ; ತೀರ್ಥ, ಹಣ್ಣು ಸ್ವೀಕರಿಸಿದರೆ ಯಾರೂ ತಪ್ಪು ತಿಳಿಯರು. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಲು ನಮ್ಮ ದೇಶದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಹಾಗೆ ಬರೆದಿರುವುದನ್ನೇ ಕೊಳ್ಳಿ.

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಪತ್ತೆಯಾಗಿದೆ. ಮನೆಯ ಉಳಿದವರಿಗೂ ಪರೀಕ್ಷೆ ಬೇಕೇ? (ಶ್ರೀರಂಗಪಟ್ಟಣದಿಂದ ಒಬ್ಬ ತಂದೆ)

ಉತ್ತರ: ಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾವ ತೊಂದರೆ ಕಾಣದಿದ್ದರೂ ಈ ಕಾಯಿಲೆ ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು. ಮಗಳ ಜೊತೆಗೆ ಇಡೀ ಮನೆ ಚಪಾತಿ ಬಿಡುವ ಮೊದಲೇ ಎಲ್ಲರೂ ರಕ್ತ ಕೊಟ್ಟು ಬನ್ನಿ.